ಒರೆಗಲ್ಲಿನ ದನಿ

ಪಶ್ಚಾತ್ತಾಪವನ್ನು ಅಳೆಯಬಹುದು ಎಂದು ಕಂಡುಹಿಡಿದವರಿಗೆ ಸ್ವತಃ ಪಶ್ಚಾತ್ತಾಪ ಪಟ್ಟ ಅನುಭವ ಇದ್ದಂತೆ ಕಾಣುವುದಿಲ್ಲ. ಇದ್ದಿದ್ದರೆ ಅದು ಅಂಗೈ ಬೆವರಿನಲ್ಲಿ ಸಿಗುತ್ತದೆಂದು ಅವರು ನಂಬುತ್ತಿರಲಿಲ್ಲ.

ಯಂತ್ರದ ಹೆಸರು ಅಂತರ್ದರ್ಶಕ. ಹುಬ್ಬಳ್ಳಿಯ ನಮ್ಮ ಆಸ್ಪತ್ರೆಯ ನೆಲ ಅಂತಸ್ತಿನಲ್ಲಿ, ಎಕ್ಸ್‌-ರೇ ಕೋಣೆಯ ಪಕ್ಕ, ಹಳೆಯ ಎಸ್‌ಟಿಡಿ ಬೂತುಗಳಂಥ ನಾಲ್ಕು ಗೂಡುಗಳನ್ನು ಕಟ್ಟಿಸಿದರು. ಪಾಳಿಯಲ್ಲಿ ತಪ್ಪು ಮಾಡಿದ ನರ್ಸು ಗಂಟೆಯೊಳಗೆ, ಅಂದರೆ ತಪ್ಪು ಇನ್ನೂ ಹಸಿಯಾಗಿರುವಾಗಲೇ, ಅಲ್ಲಿ ಹೋಗಿ ಕೂರಬೇಕು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು, ಅಂಗೈಯನ್ನು ಲೋಹದ ತಟ್ಟೆಯ ಮೇಲಿಟ್ಟು, ಏನು ತಪ್ಪಿದೆ, ಏನನ್ನಿಸಿತು ಎಂದು ಹೇಳಬೇಕು. ಯಂತ್ರ ನಾಡಿಯನ್ನು, ಬೆವರನ್ನು, ದನಿಯ ನಡುಕವನ್ನು, ‘ನಾನು’ ಎನ್ನುವ ಮುಂಚಿನ ಮೌನವನ್ನು ಗೆರೆಗಳಾಗಿ ಬರೆದುಕೊಳ್ಳುತ್ತದೆ. ಆ ಗೆರೆಗಳು ಒರೆಗಲ್ಲಿನ ದನಿಗೆ ಎಷ್ಟು ಹತ್ತಿರವೋ ಅಷ್ಟು ಅಂಕ. ಒರೆಗಲ್ಲಿನ ದನಿ ಎಂದರೆ ಮೂರು ತಿಂಗಳಿಗೊಮ್ಮೆ ಆಸ್ಪತ್ರೆ ಆರಿಸುವ ಒಂದು ಮಾದರಿ ತಪ್ಪೊಪ್ಪಿಗೆ. ಅಂಕ ಸತತವಾಗಿ ಕೆಳಗಿದ್ದವರ ನೋಂದಣಿಯನ್ನು ನರ್ಸಿಂಗ್ ಮಂಡಳಿ ನವೀಕರಿಸುವುದಿಲ್ಲ. ನೋಂದಣಿ ಇಲ್ಲದವಳು ರೋಗಿಯನ್ನು ಮುಟ್ಟುವಂತಿಲ್ಲ. ವೈದ್ಯರಿಗೆ ಅಂತಃಸಾಕ್ಷಿ ಹುಟ್ಟಿನಿಂದಲೇ ಬಂದಿರುತ್ತದೆಂದು ಮಂಡಳಿ ಭಾವಿಸಿದ್ದರಿಂದ ಅವರಿಗೆ ವಿನಾಯಿತಿ ಇತ್ತು.

ನಾನು ಮೇಲಿನ ಅಂತಸ್ತಿನ ನಿಯಂತ್ರಣ ಕೋಣೆಯಲ್ಲಿ ಆ ಗೆರೆಗಳನ್ನು ನೋಡಿಕೊಳ್ಳುವವಳು. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ. ಅದಕ್ಕೆ ಇಂಥದೊಂದು ಕೆಲಸ ಸಿಗುತ್ತದೆಂದು ನನ್ನ ಗುರುಗಳು ಯಾರೂ ಎಚ್ಚರಿಸಿರಲಿಲ್ಲ. ಗೂಡಿನ ದನಿ ಸಂಗ್ರಹವಾಗುತ್ತದೆ, ಆದರೆ ಮಾತನ್ನು ಯಾರೂ ಕೇಳಿಸಿಕೊಳ್ಳುವಂತಿಲ್ಲ. ಅದು ನರ್ಸಿನ ಖಾಸಗಿತನವಂತೆ. ಮೈಕು ಸರಿಯಿದೆಯೇ ಎಂದು ನೋಡಲು ನನ್ನ ಮೇಜಿನ ಮೇಲೊಂದು ಹೆಡ್‌ಫೋನ್ ಇತ್ತು. ಒಂದೆರಡು ಶಬ್ದ ಕೇಳಿ ತೆಗೆದಿಡಬೇಕು. ಯಂತ್ರಕ್ಕಂತೂ ಶಬ್ದಗಳು ಬೇಕೇ ಇರಲಿಲ್ಲ.

ಈ ವ್ಯವಸ್ಥೆಯನ್ನು ತಂದವರು ಶ್ರೀನಿಧಿ ಇನಾಮದಾರ, ಆಸ್ಪತ್ರೆಯ ಗುಣಮಟ್ಟ ನಿರ್ದೇಶಕರು. ವಾರ್ಡಿಗೆ ಬರುವಾಗ ಅವರು ಮೂಗಿನ ಬಳಿ ಕರ್ಚೀಫು ಹಿಡಿದಿರುತ್ತಿದ್ದರು. ಸಭೆಗಳಲ್ಲಿ ಮಾತ್ರ ರೋಗಿಯೇ ನಮ್ಮ ಉಸಿರು ಎನ್ನುತ್ತಿದ್ದರು.

ಮೊದಲ ತಿಂಗಳು ನರ್ಸುಗಳು ಹೆದರಿದರು. ಎರಡನೆಯ ತಿಂಗಳು ಕಲಿತರು. ಆ ಯಂತ್ರಕ್ಕೆ ಅಳೂ ಡಬ್ಬಿ ಎಂದು ಹೆಸರಿಟ್ಟಿದ್ದೇ ಕಲಿಕೆಯ ಆರಂಭ. ಗೂಡಿಗೆ ಹೋಗುವ ಮುಂಚೆ ಮೆಟ್ಟಿಲು ಹತ್ತಿಳಿದರೆ ನಾಡಿ ಏರುತ್ತದೆ, ಸತ್ತ ತಂದೆಯನ್ನು ನೆನೆಸಿಕೊಂಡರೆ ಗಂಟಲು ನಡುಗುತ್ತದೆ. ಒಬ್ಬಳು ತನ್ನ ತಂದೆಯನ್ನು ಆ ವರ್ಷ ಎಷ್ಟು ಸಲ ಸಾಯಿಸಿದಳೆಂದರೆ, ಆ ಮನುಷ್ಯ ಒಮ್ಮೆ ಮಗಳಿಗೆ ಬುತ್ತಿ ಕೊಡಲು ಬಂದಾಗ ವಾರ್ಡಿನವರೆಲ್ಲ ಮುಖ ತಿರುಗಿಸಿ ನಕ್ಕರು.

ತೊಂದರೆ ಎದುರಾದದ್ದು ಬೇರೆ ಕಡೆ. ಅಳುವುದಕ್ಕೆ ತಪ್ಪು ಬೇಕು. ತಪ್ಪೇ ಇಲ್ಲ ಎಂದು ಕೂತವಳಿಗೆ ಯಂತ್ರ ಸೊನ್ನೆ ಕೊಡುತ್ತಿತ್ತು; ತಪ್ಪಿಲ್ಲದವಳಿಗೆ ಅವಲೋಕನ ಇಲ್ಲ, ಅವಲೋಕನ ಇಲ್ಲದವಳು ವೃತ್ತಿಪರಳಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ನರ್ಸುಗಳು ನಿರಪಾಯದ ತಪ್ಪುಗಳನ್ನು ಹುಡುಕತೊಡಗಿದರು. ಹಾಸಿಗೆಯ ಚಾದರ ಬದಲಿಸಲು ತಡ ಮಾಡುವುದು, ಶಕ್ತಿಯ ಗುಳಿಗೆಯನ್ನು ಬೆಳಗಿನ ಬದಲು ಮಧ್ಯಾಹ್ನ ಕೊಡುವುದು. ಯಾರಿಗೂ ಏನೂ ಆಗದಂಥವು. ಸುಳ್ಳು ತಪ್ಪು ಹೇಳಿದರೆ ಸಾಲದೇ ಎಂದು ನೀವು ಕೇಳಬಹುದು. ಪ್ರಯತ್ನಿಸಿದ್ದರು. ಮಾಡದ ತಪ್ಪಿಗೆ ಅಂಗೈ ಬೆವರುವುದಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಯಂತ್ರ ಪ್ರಾಮಾಣಿಕವಾಗಿತ್ತು.

ಇನ್ನೊಂದು ಬದಲಾವಣೆ ಯಾರ ಗಮನಕ್ಕೂ ಬರಲಿಲ್ಲ. ಇನ್ಸುಲಿನ್ ಕೊಡುವ ಮುಂಚೆ ಒಬ್ಬಳು ಸಿರಿಂಜು ತುಂಬಿಸಿ, ಇನ್ನೊಬ್ಬಳನ್ನು ಕರೆದು ತೋರಿಸಿ, ಇಬ್ಬರೂ ಬಾಯಿಬಿಟ್ಟು ಓದಿ, ಊಟದ ತಟ್ಟೆ ಹಾಸಿಗೆಯ ಬಳಿ ಬಂದಿದೆಯೇ ಎಂದು ನೋಡಿ ಚುಚ್ಚುವ ಒಂದು ರೂಢಿ ಮಧುಮೇಹದ ವಾರ್ಡಿನಲ್ಲಿತ್ತು. ನಾಲ್ಕು ಕಣ್ಣು ಎನ್ನುತ್ತಿದ್ದರು ಅದಕ್ಕೆ. ಆದರೆ ಇಬ್ಬರು ನೋಡಿದರೆ ತಪ್ಪು ಅಲ್ಲೇ ಸಿಕ್ಕಿಬಿಡುತ್ತದೆ, ಯಾರ ಪಾಲಿಗೂ ಉಳಿಯುವುದಿಲ್ಲ. ಹಾಗಾಗಿ ನಾಲ್ಕು ಕಣ್ಣು ಮೆಲ್ಲಗೆ ಎರಡಾಯಿತು.

ಇದೆಲ್ಲ ನನಗೆ ಗೊತ್ತಾದದ್ದು ಮನೆಯಲ್ಲಿ. ನನ್ನ ಅಕ್ಕ ಕಸ್ತೂರಿ ಅದೇ ಆಸ್ಪತ್ರೆಯ ಮಧುಮೇಹದ ವಾರ್ಡಿನಲ್ಲಿ ನರ್ಸು.

ಅಕ್ಕನ ಅಂಕ ಯಾವಾಗಲೂ ಕೆಳಗೆ. ತಪ್ಪು ಮಾಡುತ್ತಿರಲಿಲ್ಲ ಎಂದಲ್ಲ, ಮಾಡುತ್ತಿದ್ದಳು. ಮಾಡಿದರೆ ಪಾಳಿ ಬದಲಾಗುವಾಗ ಎಲ್ಲರ ಮುಂದೆ ಅಡುಗೆಗೆ ಉಪ್ಪು ಹೆಚ್ಚಾಯಿತು ಎನ್ನುವ ದನಿಯಲ್ಲಿ ಹೇಳಿ, ನಾಳೆ ಹೀಗೆ ಮಾಡೋಣ ಎಂದು ಮುಗಿಸಿ, ಮನೆಗೆ ಬಂದು ಉಂಡು ಮಲಗುತ್ತಿದ್ದಳು. ಗೂಡಿನಲ್ಲೂ ಅದೇ ದನಿ. ತೆರೆಯ ಮೇಲೆ ಅವಳ ಗೆರೆಗಳು ನೀರು ನಿಂತ ಹೊಂಡದಂತೆ ಸಪಾಟಾಗಿರುತ್ತಿದ್ದವು. ಜೊತೆಗೆ ಅವಳ ನಾಲಿಗೆಯೂ ಸುಮಾರಿನದಲ್ಲ. ಇನಾಮದಾರರ ಎದುರಿಗೇ ಒಮ್ಮೆ, ಡಬ್ಬಿಗೆ ಹಸಿವಾದಾಗ ನಮ್ಮನ್ನು ಕರೆಯುತ್ತೀರಿ, ರೋಗಿಗೆ ಹಸಿವಾದಾಗ ಯಾರನ್ನು ಕರೆಯಬೇಕು ಎಂದು ಕೇಳಿದ್ದಳು. ಅವರು ಅದನ್ನು ಅಸಹಕಾರದ ಲಕ್ಷಣ ಎಂದರು.

ಮಂಡಳಿಯಿಂದ ಕೊನೆಯ ಎಚ್ಚರಿಕೆ ಬಂದ ಸಂಜೆ ಅವ್ವ, ಅಕ್ಕ, ನಾನು ಮೂವರೂ ಪಡಸಾಲೆಯಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದೆವು. ನಾನು ಬೇಗ ಹೆದರುವವಳು. ಗ್ಯಾಸು ಆರಿಸಿದ್ದೇನೆಯೇ ಎಂದು ಬೀದಿಯ ತಿರುವಿನಿಂದ ವಾಪಸು ಬಂದು ನೋಡುವವಳು. ಈ ತಿಂಗಳ ಅಂಕ ಏರದಿದ್ದರೆ ನೋಂದಣಿ ಹೋಗುತ್ತದೆಂದು ನಾನು ಅದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಲೇ ಇದ್ದೆ.

“ನನಗ ಅಳಾಕ ಬರೂದಿಲ್ಲ ಮಂದಾ,” ಅಂದಳು ಅಕ್ಕ. “ಅಪ್ಪಾ ಹೋದಾಗೂ ಬರಲಿಲ್ಲ. ಆವಾಗ ಸ್ನಾನದ ನೀರು ಯಾರು ಕಾಸ್ತಾರ ಅಂತ ನೋಡಾಕತ್ತಿದ್ದೆ.”

“ಹೌದವಾ, ಬಂದವರೆಲ್ಲಾ ಇಕೀ ಹೊಟ್ಟ್ಯಾಗ ಕಲ್ಲೈತಿ ಅಂದ್ರು,” ಎಂದಳು ಅವ್ವ ಸೊಪ್ಪಿನಿಂದ ಕಣ್ಣೆತ್ತದೆ. “ನೀರೇನೋ ಬಿಸಿ ಇದ್ವು.”

ಸ್ವಲ್ಪ ಹೊತ್ತಾದ ಮೇಲೆ ಅಕ್ಕ, ಭುವನಾ ಒಂದು ದಾರಿ ಹೇಳಿದ್ದಾಳೆ ಎಂದಳು. ಭುವನಾ ಅವಳ ಪಾಳಿಯ ಎಳೆಯ ನರ್ಸು. ಎಲ್ಲರೂ ಮಾಡುವುದೇ: ಒಂದು ಸಣ್ಣ ತಪ್ಪು, ಬೇಕೆಂದೇ. ಜನ್ಮದಲ್ಲಿ ಬೇಕೆಂದು ತಪ್ಪು ಮಾಡದವಳಿಗೆ ಅಂಗೈ ಬೆವರೀತು, ನಾಡಿ ಓಡೀತು. ಅಕ್ಕ ಅದನ್ನು ಸೊಪ್ಪಿನಲ್ಲಿ ಸಿಕ್ಕ ಹುಳುವಿನಂತೆ ಎತ್ತಿ ನೋಡಿದಳು. ಬಿಸಾಡುತ್ತಾಳೆ ಎಂದುಕೊಂಡೆ. ಬಿಸಾಡಲಿಲ್ಲ.

ಹನ್ನೆರಡನೇ ಹಾಸಿಗೆಯಲ್ಲಿ ಚನ್ನವೀರಪ್ಪ ಎಂಬ ನಿವೃತ್ತ ಬಸ್ ಕಂಡಕ್ಟರ್ ಇದ್ದರು. ಸಕ್ಕರೆ ಕಾಯಿಲೆಯ ಜೊತೆ ಕಾಲಿನ ಹುಣ್ಣು, ಮೂತ್ರಪಿಂಡವೂ ಅಷ್ಟಕ್ಕಷ್ಟೆ. ವಾರ್ಡನ್ನು ಅವರು ತಮ್ಮ ಹಳೆಯ ಗದಗ ಗಾಡಿಯಂತೆ ನಡೆಸುತ್ತಿದ್ದರು. ನೋಡಲು ಬಂದವರು ಹೆಚ್ಚಾದರೆ ಒಳಗೆ ಸರಿಯಿರಿ, ಬಾಗಿಲಲ್ಲಿ ನಿಲ್ಲಬೇಡಿ ಎನ್ನುವರು. ಸೂಜಿ ಹಿಡಿದು ನರ್ಸು ಬಂದಾಗ ಊಟದ ತಟ್ಟೆ ಕಾಣದಿದ್ದರೆ ಅಂಗೈ ಎತ್ತಿ ‘ಹೋಲ್ಡಾನ್’ ಎನ್ನುವರು. ತಟ್ಟೆ ಬಂದ ಮೇಲೆ ‘ರೈಟ್’. ನರ್ಸುಗಳು ನಗುತ್ತಿದ್ದರು. ನಾಲ್ಕು ಕಣ್ಣು ಎರಡಾದ ಮೇಲೆ ಆ ವಾರ್ಡಿನಲ್ಲಿ ಉಳಿದಿದ್ದ ಏಕೈಕ ತಪಾಸಣೆ ಈ ಮನುಷ್ಯನ ಕುಚೋದ್ಯ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಆ ಮಂಗಳವಾರ ಮಧ್ಯಾಹ್ನ ಅಕ್ಕ ಅವರಿಗೆ ಇನ್ಸುಲಿನ್ನನ್ನು ಹೊತ್ತಿಗಿಂತ ಮೊದಲೇ ಕೊಟ್ಟಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಊಟ ಹೊತ್ತಿಗೆ ಸರಿಯಾಗಿ ಬಂದರೆ ಅಷ್ಟು ಮುಂಚೆ ಕೊಟ್ಟದ್ದರಿಂದ ಕೇಡಿಲ್ಲ. ಚನ್ನವೀರಪ್ಪ ಅಂಗೈ ಎತ್ತಿ ‘ಹೋಲ್ಡಾನ್’ ಎಂದರು. ಇವತ್ತು ಗಾಡಿ ಸ್ವಲ್ಪ ಬೇಗ ಎಂದಳಂತೆ ಅಕ್ಕ. ಅವರು ನಕ್ಕು ತೋಳು ಕೊಟ್ಟರು. ಅಂಗೈ ತಣ್ಣಗಾಗುವ ಮೊದಲು ಅವಳು ಕೆಳಗಿನ ಗೂಡಿಗೆ ಓಡಿದಳು. ಗೂಡುಗಳು ಖಾಲಿ ಇರಲಿಲ್ಲ; ಅವಳ ಸರದಿ ಬರುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು.

ನಾನು ಮೇಲೆ ಕೂತಿದ್ದೆ. ಮೂರನೇ ಗೂಡಿನಲ್ಲಿ ಅಕ್ಕನ ಹೆಸರು ಮೂಡಿತು. ಸಪಾಟಾಗಿರಬೇಕಾದ ಗೆರೆ ಮೊದಲ ಸಲ ಎದ್ದು ಕೂತಿತ್ತು. ನನಗೆ ಸಂತೋಷವಾಯಿತು ಎಂದು ಬರೆದರೆ ಅದು ನಿಜ. ಪಕ್ಕದ ನಾಲ್ಕನೇ ಗೂಡಿನಲ್ಲಿ ಭುವನಾ. ಅವಳ ಗೆರೆ ಎಂದಿನಂತೆ ಜಾತ್ರೆಯ ತೊಟ್ಟಿಲು.

ಮೈಕು ನೋಡುವ ನೆಪದಲ್ಲಿ ಹೆಡ್‌ಫೋನ್ ಹಾಕಿಕೊಂಡೆ. ಕೇಳಬೇಕಾದ್ದಕ್ಕಿಂತ ಹೆಚ್ಚು ಕೇಳಿದೆ. ಅಕ್ಕ, ಹನ್ನೆರಡನೇ ಹಾಸಿಗೆಗೆ ಇಂಜೆಕ್ಷನ್ ಬೇಗ ಕೊಟ್ಟೆ ಎನ್ನುತ್ತಿದ್ದಳು. ಅವಳ ದನಿ ಒಂದೆಡೆ ಕೂತುಕೊಂಡಿತು. ಪಾಪ, ಅವಳಿಗೆ ಬಂದುಬಿಟ್ಟಿತು ಎಂದುಕೊಂಡೆ. ನಂತರ, ಬರೀ ಚಟದಿಂದ, ನಾಲ್ಕನೇ ಗೂಡಿಗೆ ತಿರುಗಿಸಿದೆ. ಭುವನಾ ಬಿಕ್ಕುತ್ತ, ಹನ್ನೆರಡನೇ ಹಾಸಿಗೆಯ ಊಟದ ತಟ್ಟೆಯನ್ನು ನಾನು ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟುಬಂದೆ, ಆ ಅಜ್ಜ ಹಸಿದಿರಬೇಕು ಎನ್ನುತ್ತಿದ್ದಳು.

ಒಬ್ಬಳದು ಸೂಜಿ ಬೇಗ, ಒಬ್ಬಳದು ಊಟ ತಡ. ಬೇರೆ ಬೇರೆಯಾಗಿ ಎರಡೂ ನಿರಪಾಯ. ಇಬ್ಬರೂ ಅಂಗೈಯನ್ನು ಲೋಹದ ಮೇಲಿಟ್ಟುಕೊಂಡು, ನಡುವೆ ಒಂದು ಹಲಗೆಯ ಗೋಡೆ ಇಟ್ಟುಕೊಂಡು, ಒಬ್ಬರದನ್ನೊಬ್ಬರು ಕೇಳಿಸಿಕೊಳ್ಳದೆ ಪಶ್ಚಾತ್ತಾಪ ಪಡುತ್ತಿದ್ದರು.

ವಾರ್ಡಿಗೆ ಫೋನು ಮಾಡಿದೆ. ಗಂಟೆ ಹೊಡೆಯುತ್ತಲೇ ಇತ್ತು. ಎತ್ತಬೇಕಾದ ಇಬ್ಬರೂ ಗೂಡಿನಲ್ಲಿದ್ದರು. ಮೆಟ್ಟಿಲಿಳಿದು ಓಡಿದೆ.

ಚನ್ನವೀರಪ್ಪ ಕಣ್ಣು ಅರೆತೆರೆದು ಮಲಗಿದ್ದರು. ಅಂಗಿ ತೊಯ್ದು ಮೈಗಂಟಿತ್ತು, ದಿಂಬು ಒದ್ದೆ, ಹಣೆ ತಣ್ಣಗೆ. ಅಷ್ಟು ಬೆವರನ್ನು ನಾನು ಯಾವ ಗೆರೆಯಲ್ಲೂ ನೋಡಿರಲಿಲ್ಲ. ಪಕ್ಕದ ಹಾಸಿಗೆಯವನು, ಅಜ್ಜ ನಿದ್ದೆ ಮಾಡಾಕತ್ತಾನ್ರಿ, ಎಬ್ಬಿಸಬ್ಯಾಡ್ರಿ ಎಂದ. ನಾನು ಕೂಗಿದೆ. ಡಾಕ್ಟರು ಬಂದರು, ನರಕ್ಕೆ ಗ್ಲೂಕೋಸು ಹೋಯಿತು. ಅಕ್ಕ ಕೆಳಗಿನಿಂದ ಬಂದಾಗ ಅವಳ ಮಣಿಕಟ್ಟಿಗೆ ಪಟ್ಟಿ ಇನ್ನೂ ಕಟ್ಟಿಯೇ ಇತ್ತು. ಕಿತ್ತು ನೆಲಕ್ಕೆಸೆದು ಅಜ್ಜನ ನಾಡಿ ಹಿಡಿದಳು.

ಅವರು ಉಳಿದರು. ಎಷ್ಟು ಉಳಿದರು ಎಂಬುದು ಮರುದಿನ ತಿಳಿಯಿತು. ಮಾತು ಬಂತು, ನಿಧಾನವಾಗಿ. ಮಗನ ಹೆಸರು ಬರಲಿಲ್ಲ. ಹಾಸಿಗೆಯನ್ನು ಬಸ್ಸೆಂದು ತಿಳಿದರೋ ಅಥವಾ ಮೊದಲಿನಿಂದಲೂ ಹಾಗೆಯೇ ತಿಳಿದಿದ್ದರೋ ಹೇಳುವುದು ಕಷ್ಟ.

ಅವರ ಹೆಂಡತಿ ನೀಲವ್ವನ ಮುಂದೆ ಅಕ್ಕ ಕುರ್ಚಿ ಎಳೆದುಕೊಂಡು ಕೂತು, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಬೇಕೆಂದೇ ಬೇಗ ಚುಚ್ಚಿದೆ, ಕೆಳಗಿನ ಯಂತ್ರದಲ್ಲಿ ಅಂಕ ಬರಲಿ ಎಂದು ಚುಚ್ಚಿದೆ ಎಂದಳು. ಭುವನಾ ಬಾಗಿಲಲ್ಲಿ ನಿಂತು ನಿಜವಾಗಿಯೇ ಅಳುತ್ತಿದ್ದಳು. ನೀಲವ್ವ ಗಂಡನ ಕಾಲಿನ ಪಟ್ಟಿಯನ್ನು ಸರಿಮಾಡಿದಳು.

“ಅದೆಲ್ಲಾ ಇರ್ಲಿ,” ಎಂದಳು. “ನಾಳೆ ಸೂಜಿ ಯಾರು ಮಾಡ್ತೀರಿ? ಊಟಾ ಯಾರು ನೋಡ್ತೀರಿ?”

“ಇಬ್ಬರೂ ಕೂಡೇ ಬರ್ತೀವಿ ಯವ್ವಾ,” ಎಂದಳು ಅಕ್ಕ. “ತಾಟು ಮೊದಲು. ಆಮ್ಯಾಲ ಸೂಜಿ. ನಾನಿಲ್ಲಂದ್ರ ಬಂದಾಕಿನ್ನ ನೀನ ಕೇಳು.”

ಯಂತ್ರವನ್ನು ಮಾಡಿದವರು ಎಷ್ಟೋ ಬಗೆಯ ನಡುಕವನ್ನು ಗುರುತಿಸಲು ಅದಕ್ಕೆ ಕಲಿಸಿದ್ದರು. ‘ನಾಳೆ’ ಎಂದು ಕೇಳಲು ಮಾತ್ರ ಕಲಿಸಿರಲಿಲ್ಲ.

ರೋಗಿಗೆ ಕೇಡಾದರೆ ಮತ್ತೊಮ್ಮೆ ಕೂರಬೇಕೆಂಬ ನಿಯಮದಂತೆ ಇಬ್ಬರೂ ಗೂಡಿಗೆ ಹೋಗಬೇಕಾಯಿತು. ಭುವನಾಳ ಗೆರೆ ತೆರೆಯ ಮೇಲಂಚನ್ನು ಮುಟ್ಟಿತು. ಅವಳು ತಟ್ಟೆಯ ವಿಷಯ ಹೇಳಿದಳು, ‘ಬೇಕೆಂದೇ’ ಎಂಬ ಶಬ್ದವನ್ನು ಮಾತ್ರ ಹೇಳದೆ ಬಿಟ್ಟಳು. ಹೆದರಿದ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಅಕ್ಕ ಹಳೆಯ ಸಪಾಟು ದನಿಯಲ್ಲಿ ಹೇಳಿದಳು. ಅದನ್ನು ನಾನು ಪೂರ್ತಿ ಕೇಳಿದ್ದೇನೆ:

“ಹನ್ನೆರಡನೇ ಹಾಸಿಗಿ ಅಜ್ಜಗ ಊಟ ಬರೂ ಮೊದಲ ಇನ್ಸುಲಿನ್ ಕೊಟ್ಟೆ. ಅಂವ ಬ್ಯಾಡ ಅಂದ, ಆದ್ರೂ ಕೊಟ್ಟೆ. ಈ ಡಬ್ಬಿ ಸಲುವಾಗಿ ಕೊಟ್ಟೆ. ಇದು ಇಲ್ಲಿ ಇರೂತನಾ ಮತ್ತೊಬ್ಬಾಕಿ ಕೊಡ್ತಾಳ. ಹೇಳೂದು ಇಷ್ಟ.”

ಅಂಕ ಹನ್ನೊಂದು.

ಇನಾಮದಾರರು ನಿಯಂತ್ರಣ ಕೋಣೆಗೇ ಬಂದರು. ಎರಡು ಗೆರೆಗಳನ್ನು ಪಕ್ಕಪಕ್ಕದಲ್ಲಿ ನೋಡಿ ತಲೆದೂಗಿದರು. ನೋಡಿ, ಘಟನೆ ಒಂದೇ, ಒಬ್ಬಳು ಬೆಳೆದಿದ್ದಾಳೆ, ಒಬ್ಬಳು ಕಲ್ಲಾಗಿದ್ದಾಳೆ ಎಂದರು. ತಪ್ಪುಗಳು ಒಂದಕ್ಕೊಂದು ಕೂಡುತ್ತಿವೆ, ಅವು ಬೇಕೆಂದೇ ಮಾಡಿದವು, ದಯವಿಟ್ಟು ಮಾತನ್ನು ಒಮ್ಮೆ ಕೇಳಿ ಎಂದು ನಾನು ಹೆಡ್‌ಫೋನ್ ಮುಂದೆ ಮಾಡಿದೆ. ಅವರು ಅದನ್ನು ಎಂಜಲು ಲೋಟದಂತೆ ನೋಡಿದರು.

“ಅದು ಖಾಸಗಿತನದ ಉಲ್ಲಂಘನೆ, ಮೇಡಂ,” ಎಂದರು. “ತಪ್ಪುಗಳ ವರದಿ ಹೆಚ್ಚಾಗಿದೆ ಎಂದರೆ ಸಂಸ್ಕೃತಿ ಬದಲಾಗುತ್ತಿದೆ ಎಂದರ್ಥ. ಸಂತೋಷಪಡಬೇಕು.”

ಮುಂದಿನ ಮೂರು ತಿಂಗಳ ಒರೆಗಲ್ಲಾಗಿ ಭುವನಾಳ ದನಿಯನ್ನು ಹಾಕಬೇಕೆಂದೂ ತಿಂಗಳ ಅಂಕಗಳನ್ನೆಲ್ಲ ಅದಕ್ಕೆ ಹೋಲಿಸಿ ಮತ್ತೆ ಲೆಕ್ಕ ಹಾಕಿ ಮಂಡಳಿಗೆ ಕಳಿಸಬೇಕೆಂದೂ ಹೇಳಿ ಹೋದರು.

ಹಾಕುವವಳು ನಾನು. ತೆರೆಯ ಮೇಲೆ ಎರಡು ದನಿಗಳ ಹೆಸರು ಒಂದರ ಕೆಳಗೊಂದು ಇದ್ದವು. ನಾನು ಧೈರ್ಯವಂತೆಯಲ್ಲ ಎಂದು ಆಗಲೇ ಹೇಳಿದ್ದೇನೆ. ಗ್ಯಾಸಿನ ಗುಂಡಿಯನ್ನು ನೋಡುವಂತೆ ಎರಡೆರಡು ಸಲ ನೋಡಿದೆ. ಆಮೇಲೆ ಅಕ್ಕನ ಹೆಸರನ್ನು ಒತ್ತಿದೆ.

ಯಂತ್ರ ಅಕ್ಕನನ್ನು ಅಕ್ಕನ ಜೊತೆಗೇ ಹೋಲಿಸಿ ನೂರಕ್ಕೆ ನೂರು ಕೊಟ್ಟಿತು. ಗೂಡಿನ ಹಳೆಯ ಪ್ರವೀಣೆಯರೆಲ್ಲ ಒಂದೇ ಮಧ್ಯಾಹ್ನದಲ್ಲಿ ಕೆಳಗುರುಳಿದರು. ತಂದೆಯನ್ನು ಸಾಯಿಸುತ್ತಿದ್ದವಳಿಗೆ ಒಂಬತ್ತು ಅಂಕ ಬಂತು.

ನನ್ನನ್ನು ಕರೆಸುತ್ತಾರೆ ಎಂದು ಕಾದೆ. ಕಾರಿಡಾರಿನಲ್ಲಿ ಯಾರ ಚಪ್ಪಲಿ ಸದ್ದಾದರೂ ಕೆಲಸ ಹೋಯಿತು ಎಂದುಕೊಂಡೆ. ಇನಾಮದಾರರು ಒಮ್ಮೆ ಬಂದರು. ಹೊಸ ಒರೆಗಲ್ಲಿನ ಗೆರೆಯನ್ನು ನೋಡಿದರು. ಸಪಾಟಾಗಿತ್ತು. ತಾವು ಹೇಳಿದ್ದ ಗೆರೆ ಇದಲ್ಲವೆಂದು ಅವರಿಗೂ ಕಂಡಿರಬೇಕು. ಆದರೆ ಯಂತ್ರ ಅದಕ್ಕೆ ಪೂರ್ಣಾಂಕ ಕೊಟ್ಟಿತ್ತು, ಅವರು ಯಂತ್ರವನ್ನು ತಂದವರು. ಪಕ್ವತೆ ಎಂದರು. ಭಾವೋದ್ವೇಗದ ಹಂತ ಮುಗಿಯಿತು, ನಮ್ಮ ಸಿಬ್ಬಂದಿ ಪಕ್ವತೆಯ ಹಂತಕ್ಕೆ ಬಂದಿದ್ದಾರೆ ಎಂದರು. ಬೆಳಗಾವಿಯ ಸಮ್ಮೇಳನದಲ್ಲಿ ಇದೇ ಮಾತನ್ನು ಹೇಳಿ ಶಾಲು ಹೊದೆಸಿಕೊಂಡು ಬಂದರು.

ವಾರ ಕಳೆಯುವಷ್ಟರಲ್ಲಿ ನರ್ಸುಗಳು ಸಪಾಟಾಗಿ ಮಾತಾಡಲು ಕಲಿತಿದ್ದರು. ಗೂಡಿಗೆ ಹೋಗುವ ಮುಂಚೆ ತಣ್ಣೀರು ಕುಡಿದರೆ ಒಳ್ಳೆಯದಂತೆ. ಇಡೀ ಆಸ್ಪತ್ರೆಯ ತಪ್ಪೊಪ್ಪಿಗೆಗಳನ್ನು ಈಗ ಉಜ್ಜಿ ನೋಡುವುದು ‘ಈ ಡಬ್ಬಿ ಸಲುವಾಗಿ ಕೊಟ್ಟೆ’ ಎಂಬ ಮಾತಿಗೆ. ಮಂಡಳಿ ಆ ದನಿಯನ್ನು ಬೇರೆ ಊರಿನ ಆಸ್ಪತ್ರೆಗಳಿಗೂ ಮಾದರಿಯಾಗಿ ಕಳಿಸಿದೆ. ಅದು ಏನು ಹೇಳುತ್ತಿದೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಸಿಕೊಂಡಿಲ್ಲ.

ಅಕ್ಕನ ನೋಂದಣಿ ನವೀಕರಣವಾಗಿ ಬಂತು, ಪ್ರಶಂಸೆಯ ಮಾತಿನೊಂದಿಗೆ. ಅವಳು ಅದನ್ನೋದಿ ನನ್ನ ಮುಖ ನೋಡಿದಳು.

“ನೀ ಮಾಡಿದ್ದೇನು?” ಎಂದಳು.

ಹೇಳಿದೆ. ಬೈಯಲಿಲ್ಲ, ಹೊಗಳಲೂ ಇಲ್ಲ. ಹರಿದು ಬಿಸಾಡುತ್ತಾಳೆ ಎಂದು ಈ ಸಲವೂ ಅಂದುಕೊಂಡೆ. “ಅಜ್ಜನ್ನ ಇನ್ನೂ ಮನಿಗಿ ಕಳಿಸಿಲ್ಲ,” ಎಂದು ಅದನ್ನು ಟ್ರಂಕಿನೊಳಗಿಟ್ಟು, ಬುತ್ತಿ ಕಟ್ಟಿಕೊಂಡು ಪಾಳಿಗೆ ಹೊರಟಳು.

ನಾನೀಗ ಮಧ್ಯಾಹ್ನ ಒಂದು ನೆಪ ಮಾಡಿಕೊಂಡು ವಾರ್ಡಿಗೆ ಇಳಿದು ಬಾಗಿಲಲ್ಲಿ ನಿಲ್ಲುತ್ತೇನೆ. ನಿನ್ನೆಯೂ ನಿಂತಿದ್ದೆ. ಅಕ್ಕ ಸಿರಿಂಜು ಬೆಳಕಿಗೆ ಹಿಡಿದಳು. ತಟ್ಟೆ ತರಲು ಭುವನಾ ಅಡುಗೆಮನೆಗೆ ಹೋಗಿದ್ದಳು; ಹಾಸಿಗೆಯ ಬಳಿ ತಟ್ಟೆ ಇನ್ನೂ ಬಂದಿರಲಿಲ್ಲ. ನೀಲವ್ವ ಗೋಡೆಗೊರಗಿ ನೋಡುತ್ತಿದ್ದಳು. ಚನ್ನವೀರಪ್ಪ ಸೂಜಿಯನ್ನು ಕಂಡು ತೋಳು ಚಾಚಿ, ಮಗುವಿನಂತೆ ನಕ್ಕು, “ರೈಟ್,” ಎಂದರು. ಅವರು ಈಗ ಎಲ್ಲಕ್ಕೂ ರೈಟ್ ಎನ್ನುತ್ತಾರೆ. ಇನ್ನೊಂದು ಶಬ್ದ ಅವರಿಂದ ಹೋಗಿಬಿಟ್ಟಿದೆ.

ಅಕ್ಕ ಸೂಜಿಯನ್ನು ಹಿಂದಕ್ಕೆ ಸರಿಸಿ, ಬಿಡುವಿದ್ದ ಕೈಯ ಅಂಗೈಯನ್ನು ಮೇಲೆತ್ತಿದಳು.

“ಹೋಲ್ಡಾನ್,” ಎಂದಳು, ಮತ್ತು ಬಾಗಿಲ ಕಡೆ ನೋಡುತ್ತ ನಿಂತಳು.